ಚಾಪೆಯಾಚೆಯ ಅರ್ಧ

ತೈವಾನಿನ ನಮ್ಮ ಕಡಲೂರಿನಲ್ಲಿ ಕಡಲ ದೇವತೆ ಮಾಜು ತಾಯಿಯ ಗುಡಿ ಕಟ್ಟುವಾಗ ಎಡ ಅರ್ಧ ನನಗೂ ಬಲ ಅರ್ಧ ಕುನ್-ಹೋಕನಿಗೂ ಸಿಕ್ಕಿತು. ಇಬ್ಬರು ಮೇಸ್ತ್ರಿಗಳು ಪೈಪೋಟಿಯಲ್ಲಿ ಕಟ್ಟಿದರೆ ಗುಡಿಗೆ ಕಳೆ ಬರುತ್ತದೆಂದು ನಮ್ಮವರ ನಂಬಿಕೆ. ನಕ್ಷೆ ಒಂದೇ. ನಡುವೆ ಬಿದಿರಿನ ಚಾಪೆ ಕಟ್ಟಿದ್ದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವಂತಿರಲಿಲ್ಲ.

ಕುನ್-ಹೋಕ್ ನನ್ನ ಶಿಷ್ಯನೇ. ಹನ್ನೊಂದು ವರ್ಷ ನನ್ನ ಮನೆ ಅನ್ನ ತಿಂದು, ಕೊನೆಗೆ ನನ್ನ ಕೆಲಸಗಾರರನ್ನೇ ಎಳೆದುಕೊಂಡು ಹೋದವನು. "ಗುರುಗಳೇ, ನಿಮ್ಮ ತಪ್ಪುಗಳ ಸಮೇತ ಕಲಿತಿದ್ದೀನಿ, ಚಿಂತೆ ಬಿಡಿ," ಎಂದು ಎಲ್ಲರೆದುರು ನಕ್ಕಿದ್ದ.

ತನ್ನ ಅರ್ಧದಲ್ಲಿ ತೊಲೆಯ ಮೇಲೆ ಕೆತ್ತುವ ಡ್ರ್ಯಾಗನ್ ಒಂದು ಬಾಕಿಯಿರುವಾಗ ಅವನು ಜ್ವರ ಬಂದು ಸತ್ತ.

"ಅವನದನ್ನೂ ನೀವೇ ಮುಗಿಸಿಕೊಡಿ ಮೇಸ್ತ್ರಿ," ಎಂದರು ಗುಡಿಯ ಯಜಮಾನ ಲಿಮ್.

"ಆ ಮರ ಕೊಳೀಲಿ. ನಾನು ಮುಟ್ಟಲ್ಲ," ಎಂದೆ.

ಅವನನ್ನು ಮಣ್ಣು ಮಾಡಿದ ಮೂರನೇ ದಿನ, ಸುಡುವ ಮಧ್ಯಾಹ್ನ, ಯಾರೂ ಇರದ ಚಾಪೆಯಾಚೆ ಉಳಿಯ ಸದ್ದು ಕೇಳಿತು. ಮೂರು ಪೆಟ್ಟು, ಆಮೇಲೆ ಬಾಯಿಂದ ಮರದ ಹೊಟ್ಟು ಊದುವುದು. ನಾನೆಷ್ಟು ಬೈದರೂ ಅವನು ಬಿಡದ ಚಾಳಿ. ಚಾಪೆ ಮುಟ್ಟಿದೆ, ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಕೈ ಹಿಂದಕ್ಕೆಳೆದಾಗ ಉಳಿ ತಗುಲಿ ನನ್ನ ಡ್ರ್ಯಾಗನ್ನಿನ ಉಗುರೊಂದು ಮುರಿಯಿತು. ಆಚೆ ಸದ್ದು ನಿಂತಿತು. ಯಾರಿಗೂ ಹೇಳದೆ ಅನ್ನ ಅರೆದು ಉಗುರು ಅಂಟಿಸಿದೆ.

ತಿಂಗಳ ಮೇಲೆ, ತಾಯಿಯ ಮೂರ್ತಿ ಗುಡಿಗೆ ಬರುವ ಬೆಳಿಗ್ಗೆ ಚಾಪೆ ಬಿಚ್ಚಿದರು. ಬಲಗಡೆಯ ಡ್ರ್ಯಾಗನ್ ಮುಗಿದಿತ್ತು.

"ಮುಟ್ಟಲ್ಲ ಅಂದು ಕದ್ದು ಮುಗಿಸಿದ್ದೀರಲ್ಲ! ಎಡಗಡೇದಕ್ಕಿಂತ ಇದೇ ಚೆನ್ನಾಗಿದೆ," ಎಂದರು ಲಿಮ್.

ಹೌದು, ನಾನೇ ಮಾಡಿದ್ದು ಎಂದೆ. ಆಮೇಲೆ ಬಲಗಡೆ ಏಣಿ ಹಾಕಿ ಹತ್ತಿದೆ. ಅಲ್ಲೂ ಅದೇ ಉಗುರು ಅದೇ ಜಾಗದಲ್ಲಿ ಮುರಿದಿತ್ತು. ಅನ್ನ ಅರೆದು ಅಂಟಿಸಿತ್ತು. ನನ್ನ ಅಂಟು ಒಣಗಿ ತಿಂಗಳಾಗಿತ್ತು. ಅವನದು ಇನ್ನೂ ಹಸಿಯಾಗಿ ಬೆರಳಿಗೆ ಮೆತ್ತಿಕೊಂಡಿತು.