ಅಮ್ಮನ ಪಕ್ಕದ ಸ್ಟೂಲು

ವಿಯೆಟ್ನಾಮಿನ ಸಾ ಡೆಕ್ ಪೇಟೆಯಲ್ಲಿ ಫೋಟೋ ತೆಗೆಯುವುದು ನನ್ನ ಕಸುಬು. ಕಥೆ ಕಟ್ಟುವವನಲ್ಲ, ನಂಬದಿದ್ದರೆ ಬಿಡಿ.

ಮರುದಿನ ಅಮ್ಮನಿಗೆ ಹೃದಯದ ಆಪರೇಷನ್. ಅದಕ್ಕೂ ಮೊದಲು ತನ್ನ ಅಕ್ಕ, ತಂಗಿಯ ಜೊತೆ ಒಂದು ಫೋಟೋ ಬೇಕೆಂದಳು.

“ಮೂವರೇ ಕೂತ್ರೆ ನಡುವಿನವಳು ಸಾಯ್ತಾಳೆ. ನೀನೂ ಬಂದು ಕೂತ್ಕೊಳೋ, ಮೊಂಡ,” ಎಂದು ದೊಡ್ಡಮ್ಮ ಲೂವಾ ಹಟ ಹಿಡಿದಳು.

“ನಾನು ಕೂತ್ರೆ ಗುಂಡಿ ಒತ್ತೋರ್ಯಾರು, ಗೋಡೆ ಮೇಲಿನ ಹಲ್ಲಿನಾ?” ಎಂದು ರೇಗಿದೆ. ಕ್ಯಾಮೆರಾದ ಟೈಮರ್ ಕೆಟ್ಟಿತ್ತು. ಕೊನೆಗೆ ಹಳೆಯ ಇಯರ್‌ಫೋನಿನ ವೈರಿಗೆ ಕರೆಗಂಟೆಯ ಗುಂಡಿ ಬೆಸೆದು, ದೂರದಿಂದ ಕ್ಲಿಕ್ಕಿಸುವ ಸ್ವಿಚ್ಚು ಮಾಡಿದೆ.

ಬಿರುಬಿಸಿಲಿನ ಮಧ್ಯಾಹ್ನ. ಅಮ್ಮನಿಗೂ ಚಿಕ್ಕಮ್ಮನಿಗೂ ನಡುವೆ ನನಗೊಂದು ಸ್ಟೂಲು ಇಟ್ಟರು. ವೈರನ್ನು ಕ್ಯಾಮೆರಾಕ್ಕೆ ಸಿಕ್ಕಿಸಲು ಬಗ್ಗಿದೆ. ಸಿಕ್ಕಿಸುವ ಮೊದಲೇ ಕ್ಯಾಮೆರಾ ಕ್ಲಿಕ್ ಎಂದಿತು. ಕೈಯಲ್ಲಿದ್ದ ಗುಂಡಿ ಮಂಜುಗಡ್ಡೆಯಂತಿತ್ತು.

“ಏಳಬೇಡಿ, ನಾನಿನ್ನೂ ಕೂತಿಲ್ಲ!” ಎಂದು ಕೂಗಿದೆ.

“ಕೂತಿದ್ಯಲ್ಲೋ,” ಎನ್ನುತ್ತಾ ಅಮ್ಮ ಎದ್ದಳು. “ನಿನ್ನ ಕೈ ಯಾಕೆ ಅಷ್ಟು ತಣ್ಣಗಿತ್ತು? ಜ್ವರ ಏನಾದ್ರೂ ಬರ್ತಿದ್ಯಾ?”

ಫೋಟೋದಲ್ಲಿ ಸ್ಟೂಲು ಖಾಲಿ. ಅಮ್ಮನ ಕೈ ಮಾತ್ರ ಅದರ ಮೇಲೆ, ಇನ್ನೊಂದು ಕೈಯನ್ನು ಹಿಡಿದಂತೆ ಮಡಚಿಕೊಂಡಿದೆ.

ಆಪರೇಷನ್ ಆದ ಒಂಬತ್ತನೇ ದಿನ ಅಮ್ಮ ನಡೆದುಕೊಂಡೇ ಮನೆಯೊಳಗೆ ಬಂದಳು. ಆ ಫೋಟೋ ಈಗ ಗೋಡೆಯ ಮೇಲಿದೆ. ಅದರಲ್ಲಿ ಎಷ್ಟು ಜನ ಇದ್ದಾರೆಂದು ಬೇರೆಬೇರೆಯಾಗಿ ಕೇಳಿದರೂ ಮೂವರು ಮುದುಕಿಯರೂ ನಾಲ್ಕು ಎನ್ನುತ್ತಾರೆ.