ಸಿಕುಲಿಯಾಕ್ ಠಾಣೆಯ ಸ್ಕೀ ಕಳವು

ಮೇ ಒಂಬತ್ತು, ಗುರುವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ಸಿಕುಲಿಯಾಕ್ ಠಾಣೆಯ ಬಾಗಿಲು ದಡಾರನೆ ತೆರೆಯಿತು. ಉತ್ತರ ಧ್ರುವದ ಹತ್ತಿರದ, ನಾನೂರು ಜನರ ಈ ಊರಿನಲ್ಲಿ ಠಾಣೆಗೆ ಬಂದವರು ಮೊದಲು ಚಹಾ ಕುಡಿಯುತ್ತಾರೆ, ಹೊರಡುವಾಗ ವಿಷಯ ಹೇಳುತ್ತಾರೆ. ಬಂದವನಿಗೆ ಅಷ್ಟು ವ್ಯವಧಾನ ಇರಲಿಲ್ಲ.

“ನನ್ನ ಸ್ಕೀ ಕದ್ದಿದಾರೆ!”

ಸಾರ್ಜೆಂಟ್ ಇಕುಮಾ ಅಕಾವಕ್ ದೂರು ಬರೆದುಕೊಂಡ. ದೂರುದಾರ ರಸೆಲ್ ಹಾರ್ಗ್ರೋವ್, ಐವತ್ತೆಂಟು ವರ್ಷ, ಊರು ವಿನಿಪೆಗ್, ಪ್ರವಾಸಿ. ಬಂದು ಮೂರು ದಿನ. ಕಳುವಾದದ್ದು ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ, ಕೆಂಪು ಬಣ್ಣದ ಒಂದು ಜೊತೆ ಸ್ಕೀ.

“ಇವತ್ತು ಒಂಬತ್ತಕ್ಕೆ ಹೊರಡೋನಿದ್ದೆ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಎದುರಿನ ದ್ವೀಪಕ್ಕೆ, ಒಬ್ಬನೇ.”

“ಮಂಜುಗಡ್ಡೆ ಬಗ್ಗೆ ವಿಚಾರಿಸಿದ್ರಾ?”

“ಅಂಗಡೀಲಿ ಎಲ್ಲರನ್ನೂ ಕೇಳಿದೀನಿ. ಗಟ್ಟಿ ಇರಬಹುದು ಅಂದ್ರು. ನಿನ್ನೆ ನೀವೂ ಹಾಗೇ ಅಂದ್ರಲ್ಲ?”

ಅಕಾವಕ್ ತಲೆ ಎತ್ತದೆ ದೂರಿಗೆ ತಾರೀಕು ಹಾಕಿದ.

ಒಂಬತ್ತು ಇಪ್ಪತ್ತಕ್ಕೆ ಅವನು ಕಾನ್‌ಸ್ಟೇಬಲ್ ಗೋಡೆಯೊಂದಿಗೆ ಹಾರ್ಗ್ರೋವ್ ಇಳಿದಿದ್ದ ವಸತಿಗೃಹದ ಜಗಲಿಯಲ್ಲಿ ಮಹಜರು ನಡೆಸಿದ. ಗೋಡೆ ಎಂಬ ಫ್ರೆಂಚ್ ಹೆಸರಿನ ಇವನು ದೇಶದ ದಕ್ಷಿಣದ ಹುಡುಗ, ಈ ಊರಿಗೆ ಬಂದು ಏಳು ತಿಂಗಳಾಗಿತ್ತು. ಬೀಗ ಮುರಿದಿರಲಿಲ್ಲ, ಏಕೆಂದರೆ ಬೀಗವೇ ಇರಲಿಲ್ಲ. ಹಿಮದ ಮೇಲೆ ಮೆತ್ತನೆಯ ಚರ್ಮದ ಬೂಟಿನ ಚಿಕ್ಕ ಹೆಜ್ಜೆಗಳು, ಪಕ್ಕದಲ್ಲೇ ಏನನ್ನೋ ಎಳೆದುಕೊಂಡು ಹೋದ ಎರಡು ಗೀರು. ಆ ಗೀರುಗಳು ರಸ್ತೆಯ ಟೈರು ಗುರುತುಗಳಲ್ಲಿ ಕಲಸಿಹೋಗಿದ್ದವು. ಸ್ಕೀ ತೂಗುಹಾಕಿದ್ದ ಮೊಳೆಯಲ್ಲಿ ಸೀಲ್ ಪ್ರಾಣಿಯ ಚರ್ಮದ ಹೊಸ ಕೈಗವಸುಗಳು ನೇತಾಡುತ್ತಿದ್ದವು.

“ನಿಮ್ಮದಾ?” ಗೋಡೆ ಕೇಳಿದ.

“ಅಲ್ಲ.” ಹಾರ್ಗ್ರೋವ್ ತೊಟ್ಟು ನೋಡಿದ. ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿ ಕೂತವು.

“ಸರ್, ಕಳ್ಳ ಸಾಮಾನು ಬಿಟ್ಟು ಹೋಗಿದಾನೆ,” ಎಂದ ಗೋಡೆ.

ಅಕಾವಕ್ ಹೆಬ್ಬೆರಳಿನ ಹೊಲಿಗೆಯನ್ನು ಬೆಳಕಿಗೆ ಹಿಡಿದ. ಒಂದು ದಪ್ಪ ಗಂಟು, ಎರಡು ಸಣ್ಣ ಗಂಟು, ಮತ್ತೆ ದಪ್ಪದ್ದು. ಈ ಊರಿನಲ್ಲಿ ಹೊಲಿಗೆ ನೋಡಿ ಯಾರ ಕೈ ಎಂದು ಹೇಳಬಹುದು. ಇಂಥದೇ ಗಂಟಿನ ಕೈಗವಸು ಅವನ ಜೇಬಿನಲ್ಲೂ ಇತ್ತು. ಆದರೂ ಗೋಡೆಯನ್ನು ಅಂಗಡಿಗೆ ಕಳಿಸಿ ಹನ್ನೊಂದು ಜನರ ಹೇಳಿಕೆ ತರಿಸಿಕೊಂಡ. ಹನ್ನೊಂದು ಜನರೂ ಏನನ್ನೂ ಕಂಡಿರಲಿಲ್ಲ, ಎಲ್ಲರೂ ನಗುತ್ತಿದ್ದರು.

ಹನ್ನೊಂದು ಇಪ್ಪತ್ತಕ್ಕೆ ಇಬ್ಬರೂ ಆ ಗಂಟಿನ ಒಡತಿ ಊಲೂಸಿಯ ಮನೆಗೆ ಹೋದರು. ಎಪ್ಪತ್ತಾರರ ಮುದುಕಿ ನೆಲದ ಮೇಲೆ ಕಾಲು ಚಾಚಿ ಚರ್ಮ ಹೊಲಿಯುತ್ತಿದ್ದಳು.

“ಅಪ್ಪಾ, ಬಂದ್ಯಾ? ಎಷ್ಟು ಸೊರಗಿದೀಯೋ! ಹೆಂಡ್ತಿ ಊಟ ಹಾಕಲ್ವಾ?”

ಊಲೂಸಿಯ ತಂದೆ ಇಕುಮಾ ತೀರಿಕೊಂಡ ವರ್ಷ ಹುಟ್ಟಿದ ಅಕಾವಕ್‌ಗೆ ಅದೇ ಹೆಸರಿಟ್ಟಿದ್ದರು. ಇಲ್ಲಿಯ ರೂಢಿಯಂತೆ ಹೆಸರಿನೊಂದಿಗೆ ನಂಟೂ ಬಂದಿತ್ತು. ಅಂದಿನಿಂದ ಅವನು ಅವಳಿಗೆ ಅಪ್ಪ, ಅವಳು ಅವನಿಗೆ ಮಗಳು.

“ಮಗಳೇ, ಸ್ಕೀ ಎಲ್ಲಿ?”

“ಯಾವ ಸ್ಕೀ?”

“ಕೆಂಪು ಸ್ಕೀ.”

“ಓ, ಅದಾ? ಮಂಚದ ಕೆಳಗೆ.”

ಅಕಾವಕ್ ಕೈ ತೋರಿಸಿದ ಕಡೆ ಗೋಡೆ ಬಗ್ಗಿ ನೋಡಿದ. ಇತ್ತು.

“ಯಾಕೆ ತಗೊಂಡೆ?”

“ಸುಮ್ನೆ ತಗೊಂಡಿಲ್ಲ. ಕೈಗವಸು ಬಿಟ್ಟು ಬಂದಿದೀನಿ. ಅಂಗಡೀಲಿ ಅವನ ಕೈ ನೋಡ್ಕೊಂಡು, ಮೂರು ದಿನ ಕೂತು ಹೊಲಿದಿದ್ದು.”

“ಕೇಳಿದ್ದು ಅದಲ್ಲ, ಮಗಳೇ.”

ಅವಳು ಸೂಜಿಯನ್ನು ಚರ್ಮಕ್ಕೆ ಚುಚ್ಚಿಟ್ಟಳು.

“ಉದ್ದ ಮೂಗಿನವನು ನೆನಪಿದಾನಾ? ಇಪ್ಪತ್ತಾರು ವರ್ಷ ಆಯ್ತು. ಹೀಗೇ ಊರು ನೋಡೋಕೆ ಬಂದ, ನಮ್ಮನೇಲೇ ಉಳ್ಕೊಂಡ. ನನ್ನ ಮಕ್ಕಳನ್ನ ಬೆನ್ನ ಮೇಲೆ ಕೂರಿಸ್ಕೊಂಡು ಕುದುರೆ ಆಗ್ತಿದ್ದ. ಒಂದಿನ ಸ್ಕೀ ಕಟ್ಕೊಂಡು ದ್ವೀಪಕ್ಕೆ ಹೊರಟ. ನಡುವೆ ನೀರಿನ ಸೆಳೆತ ಇರೋ ಜಾಗ ಇದೆಯಲ್ಲ, ಅಲ್ಲಿ ಮಂಜುಗಡ್ಡೆ ತೆಳುವಾಗಿ ಕಪ್ಪಾಗಿತ್ತು. ಹಿಂದಿನ ದಿನಾನೇ ನೋಡಿದ್ದೆ.”

“ಹೇಳ್ಲಿಲ್ವಾ?”

“ಬೆಳೆದ ಗಂಡಸಿಗೆ ಹೋಗಬೇಡ ಅಂತ ಹೇಗೆ ಹೇಳ್ಲಿ? ನಿಂಗೆ ಬುದ್ಧಿ ಇಲ್ಲ ಅಂದಂಗಲ್ವಾ? ರೊಟ್ಟಿ ಕಟ್ಟಿ ಕೊಟ್ಟೆ.” ಅವಳು ಮಂಚದ ಕಡೆ ನೋಡಿದಳು. “ಆಗಸ್ಟ್‌ನಲ್ಲಿ ಒಂದು ಸ್ಕೀ ದಡಕ್ಕೆ ಬಂತು. ಒಂದೇ.”

ಅಕಾವಕ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಗೋಡೆಯ ಪೆನ್ನು ನಿಂತಿತು. “ಆದ್ರೆ ಸರ್, ಈ ಸಲ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ?”

“ಇವಳಿಗೆ ಅದಕ್ಕಿಂತ ಕಳ್ಳತನ ಸುಲಭ ಅನ್ನಿಸಿದೆ,” ಎಂದ ಅಕಾವಕ್. ಅವನ ಕಿವಿ ಬಿಸಿಯಾಗಿತ್ತು. ಸಮವಸ್ತ್ರ ತೊಟ್ಟು, ಆ ಸೆಳೆತದ ಬಗ್ಗೆ ತಿಳಿದೂ, ನಿನ್ನೆ ಅವನೂ ‘ಇರಬಹುದು’ ಎಂದು ಜಾರಿಕೊಂಡಿದ್ದ.

ಹನ್ನೆರಡು ಐದಕ್ಕೆ ಆರೋಪಿಯ ದಸ್ತಗಿರಿಯಾಯಿತು. ಆರೋಪಿ ಒಳ್ಳೆಯ ಕೋಟು ತೊಟ್ಟು, ಹೊಲಿಗೆ ಚೀಲ ಹಿಡಿದು, ಗೋಡೆಯ ತೋಳು ಆಧರಿಸಿ ಗಾಡಿ ಹತ್ತಿದಳು. “ಅಪ್ಪನೇ ಮಗಳನ್ನ ಜೈಲಿಗೆ ಹಾಕ್ತಾನೆ ನೋಡ್ರೋ!” ಎಂದು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಕೂಗಿ ಹೇಳಿದಳು.

ಒಂದೂವರೆಗೆ ಅಕಾವಕ್ ಹಾರ್ಗ್ರೋವ್‌ನನ್ನು ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಸಮುದ್ರದ ಮೇಲೆ ಕರೆದೊಯ್ದ. ಸೆಳೆತದ ಜಾಗಕ್ಕೆ ಬಹಳ ದೂರವಿರುವಾಗಲೇ ಇಳಿದು, ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಈಟಿಯಿಂದ ಕುಟ್ಟುತ್ತಾ ನಡೆದರು. ಮೇಲೆ ಬೆಳ್ಳಗೆ, ಸಪಾಟಾಗಿ ಹಿಮ. ಒಂದು ಕಡೆ ಈಟಿ ಸದ್ದಿಲ್ಲದೆ ಒಳಗಿಳಿಯಿತು. ತೂತಿನಿಂದ ಕಪ್ಪು ನೀರು ಉಕ್ಕಿತು.

ಹಾರ್ಗ್ರೋವ್ ಎರಡು ಹೆಜ್ಜೆ ಹಿಂದೆ ಸರಿದ. ಅಕಾವಕ್ ಅವನಿಗೆ ಉದ್ದ ಮೂಗಿನವನ ವಿಷಯ ಹೇಳಿದ. ತಾನು ನಿನ್ನೆ ಹೇಳದೆ ಉಳಿಸಿಕೊಂಡದ್ದನ್ನೂ ಹೇಳಿದ.

ನಾಲ್ಕು ಗಂಟೆಗೆ ಅವರು ಮರಳಿದಾಗ ಲಾಕಪ್ಪಿನ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆ ಚರ್ಮವನ್ನು ಬಿಗಿಯಾಗಿ ಹಿಡಿದು ಕೂತಿದ್ದ. “ನೆಟ್ಟಗೆ ಹಿಡಿಯೋ, ಕೈಯಲ್ಲೇನು ಜೀವ ಇಲ್ವಾ?” ಎಂದು ಆರೋಪಿ ಗದರುತ್ತಿದ್ದಳು. ಅವನಿಗೆ ಭಾಷೆ ತಿಳಿಯದಿದ್ದರೂ ಬೈಗುಳ ತಿಳಿದಿತ್ತು.

ಹಾರ್ಗ್ರೋವ್ ಅವಳ ಮುಂದೆ ಮಂಡಿಯೂರಿದ. “ಸಾರ್ಜೆಂಟ್, ದೂರು ವಾಪಸ್ ತಗೋತೀನಿ. ಒಂದು ಮಾತು ಕೇಳಿ ಇವರನ್ನ. ನಾಳೆ ಪಶ್ಚಿಮದ ಕಡೆಯಿಂದ ಸುತ್ತಿ ಹೋದ್ರೆ ದ್ವೀಪ ಸೇರಬಹುದಾ?”

ಅಕಾವಕ್ ಅನುವಾದಿಸಿದ. ಊಲೂಸಿ ಕಿಟಕಿಯಾಚೆ ನೋಡಿದಳು. ಸೂಜಿಯನ್ನು ಚೀಲಕ್ಕೆ ಹಾಕಿದಳು. ಆಮೇಲೆ ಅವಳು ಹಾರ್ಗ್ರೋವ್‌ನ ತೋಳು ಹಿಡಿದುಕೊಂಡಳು.

“ಹೋಗ್ಬೇಡ. ನಾಳೆನೂ ಬೇಡ, ನಾಡಿದ್ದೂ ಬೇಡ. ವಿಮಾನ ಬಂದಾಗ ಮನೆಗೆ ಹೋಗಪ್ಪ.”

ಹೇಳಿ ಮುಗಿಸಿದವಳೇ ನಾಚಿಕೆಯಿಂದ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಅಕಾವಕ್ ಅಕ್ಷರ ಬಿಡದೆ ಅನುವಾದಿಸಿ, “ನಾನೂ ಅದನ್ನೇ ಹೇಳ್ತೀನಿ,” ಎಂದು ಸೇರಿಸಿದ.

ನಾಲ್ಕು ಇಪ್ಪತ್ತೈದಕ್ಕೆ ಆರೋಪಿಯನ್ನು ಬಿಡುಗಡೆ ಮಾಡಲಾಯಿತು. ವರದಿಯಲ್ಲಿ ಕೃತ್ಯದ ಉದ್ದೇಶ ಎಂಬ ಜಾಗ ಇನ್ನೂ ಖಾಲಿ ಇತ್ತು. ಅಕಾವಕ್ ಬರೆದ: ‘ದೂರುದಾರನು ಜೀವಂತವಾಗಿ ಮನೆ ತಲುಪಬೇಕೆಂಬುದು.’