ಉತ್ತರ ಬರುವ ತನಕ

"ನಾನು ಕಮಿಟ್ ಮಾಡಿದ ಕೋಡನ್ನ ಕಿತ್ತು ಹಾಕಿದ್ದು ನೀವೇನಾ?"

ಅವಳು ತಲೆಯೆತ್ತಿದಳು. ಎದುರು ನಿಂತವನು ಇನ್ನೂ ಏದುಸಿರು ಬಿಡುತ್ತಿದ್ದ. ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಹತ್ತಿ ಬಂದಿದ್ದ.

ಮುಖ ನೋಡಿದ್ದು ಇದೇ ಮೊದಲು. ಆದರೂ ಯಾರೆಂದು ಕೇಳಬೇಕಿರಲಿಲ್ಲ. ತಾನು ಕೆಲಸಕ್ಕೆ ಸೇರಿದ ಎಂಟು ತಿಂಗಳಿಂದ ಅವಳು ಬರೆದ ಕೋಡಿನ ಪ್ರತಿ ಸಾಲನ್ನೂ ಓದಿ, ಪ್ರತಿ ಸಾಲಿನಲ್ಲೂ ಹುಳುಕು ಹುಡುಕಿ ಬರೆದು ಕಳಿಸುತ್ತಿದ್ದವನು ಇವನೇ. ಆಫೀಸಿನಲ್ಲಿ ಎಲ್ಲರೂ ಅವನನ್ನು 'ಸುತ್ತಿಗೆ' ಎನ್ನುತ್ತಿದ್ದರು. ಒಡೆಯದೆ ಏನನ್ನೂ ಕಟ್ಟುವವನಲ್ಲ.

"ಹೌದು, ನಾನೇ. ಬೆಳಿಗ್ಗೆ ಹತ್ತರಿಂದ ಬಿಲ್ಡ್ ನಿಂತಿತ್ತು, ಇಡೀ ಸಿಸ್ಟಂ ಕಟ್ಟೋಕೇ ಆಗ್ತಿರ್ಲಿಲ್ಲ. ನೋಡ್ತಾ ಕೂತಿರ್ಬೇಕಿತ್ತಾ?"

"ಕೂತಿರ್ಬೇಕಿತ್ತು. ಮೂರು ಗಂಟೆ ಒಡೆದಿರತ್ತೆ ಅಂತ ಮೊದಲೇ ತಿಳಿಸಿದ್ದೆ. ಐದು ಭಾಗ ಒಂದಾದ ಮೇಲೊಂದು ಹೋಗ್ಬೇಕು. ನಾನು ಮೂರನೇದು ಹಾಕೋ ಹೊತ್ತಿಗೆ ನೀವು ಮೊದಲನೇದು ಕಿತ್ತಿದ್ದೀರಿ. ಈಗ ಮೂರು ಗಂಟೆ ಅಲ್ಲ, ಮೂರು ದಿನ."

"ನನಗೆ ಯಾವ ಸೂಚನೆಯೂ ಬಂದಿಲ್ಲ."

"ನಿಮ್ಮ ಭಾಗಕ್ಕೂ ಮೇಲ್ ಹೋಗಿದೆ. ಓದೋ ಅಭ್ಯಾಸ ಇಟ್ಕೊಳ್ಳಿ."

"ಸುಳ್ಳು ಹೇಳೋ ಅಭ್ಯಾಸ ಬಿಡಿ."

ಅಕ್ಕಪಕ್ಕದ ಕೀಬೋರ್ಡುಗಳ ಸದ್ದು ನಿಂತಿತು. ತಂಡದ ಹಿರಿಯರು, ಎಲ್ಲರ ಬಾಯಲ್ಲಿ 'ಮೇಷ್ಟ್ರು', ತಮ್ಮ ಕೋಣೆಯ ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದರು.

ನಲವತ್ತು ಜನ ಸೇರಿ ಒಂದೇ ಆಪರೇಟಿಂಗ್ ಸಿಸ್ಟಂ ಬರೆಯುವ ಜಾಗ ಅದು. ಒಬ್ಬರು ಎಡವಿದರೆ ಎಲ್ಲರ ಕೆಲಸ ನಿಲ್ಲುತ್ತದೆ. ಹಾಗಾಗಿ ನಿಯಮ ಬಿಗಿ. ಸ್ವಲ್ಪ ಹೊತ್ತು ಏನಾದರೂ ಒಡೆಯುವುದಿದ್ದರೆ ಆಯಾ ಭಾಗದ ಹೊಣೆಗಾರರಿಗೆ ಮೊದಲೇ ತಿಳಿಸಿ ಉತ್ತರ ಪಡೆಯಬೇಕು. ಒಡೆದ ಮೇಲೆ ಸರಿಯಾಗುವ ತನಕ ಕುರ್ಚಿ ಬಿಟ್ಟು ಏಳಬಾರದು. ಇನ್ನೊಬ್ಬರು ಹಾಕಿದ್ದನ್ನು ಅವರನ್ನು ಕೇಳದೆ ಕಿತ್ತವರಿಗೆ ಕೋಡ್ ಸೇರಿಸುವ ಕಮಿಟ್ ಹಕ್ಕು ಹೋಗುತ್ತದೆ.

ಹಕ್ಕು ಹೋದರೆ ಅವಳ ಕೈಲಿರುವ ಡಿಸ್ಕ್ ಭಾಗ ಬೇರೆಯವರ ಕೈಗೆ ಹೋಗುತ್ತದೆ.

ಆ ಭಾಗ ಬರೆದವನು ಅವಳ ಗಂಡ. ಅವನ ಬಟ್ಟೆ, ಕನ್ನಡಕ, ಸ್ಕೂಟರ್ ಎಲ್ಲವನ್ನೂ ಅವಳು ಕೊಟ್ಟುಬಿಟ್ಟಿದ್ದಳು. ಉಳಿದದ್ದು ಆರು ಸಾವಿರ ಸಾಲು. ಅದನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

"ಸೂಚನೆ ಕಳಿಸಿದ್ದನ್ನ ತೋರಿಸಪ್ಪ," ಎಂದರು ಮೇಷ್ಟ್ರು.

ಅವನು ಲ್ಯಾಪ್‌ಟಾಪ್ ತಿರುಗಿಸಿದ. "ಏಳು ಹೊಣೆಗಾರರು. ಪಟ್ಟೀಲಿರೋ ಹೆಸರಿಗೇ ಕಳಿಸಿದ್ದೀನಿ. ಆರು ಜನ ಉತ್ತರ ಕೊಟ್ರು. ಡಿಸ್ಕ್ ಭಾಗದ ಈ ಮಹಾಶಯರು ಮಾತ್ರ ತುಟಿ ಬಿಚ್ಚಿಲ್ಲ."

ಅವಳು ಆ ಹೆಸರನ್ನು ಓದಿದಳು.

"ಅವರು ನನ್ನ ಗಂಡ."

"ಹಾಗಾದ್ರೆ ಇನ್ನೂ ಸುಲಭ. ಮನೇಲೇ ಕೇಳ್ಬಹುದಿತ್ತಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವರು ತೀರಿಕೊಂಡು ಎರಡು ವರ್ಷ ಆಯ್ತು," ಎಂದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಆ ಪಟ್ಟಿಯನ್ನು ತಿದ್ದಬೇಕಾದವಳು ಅವಳೇ. ಎಷ್ಟೋ ಸಲ ತೆರೆದಿದ್ದಳು. ಆ ಒಂದು ಹೆಸರಿನ ಮುಂದೆ ಕೂತು, ಮತ್ತೆ ಮುಚ್ಚಿದ್ದಳು. 'ತಪ್ಪು ನನ್ನದೇ. ಈಗ ಇವನಿಗೂ ಗೊತ್ತಾಯಿತು... ಹೇಳಲಿ.'

"ಕೆಲಸ ಕೆಟ್ಟಿದ್ದು ನಿಂದು," ಮೇಷ್ಟ್ರು ಅವನತ್ತ ತಿರುಗಿದರು. "ನೀನೇ ಹೇಳು. ಇವಳ ಹಕ್ಕು ತೆಗೀಲಾ?"

ಅವನು ಪರದೆಯ ಮೇಲಿನ ಉತ್ತರಗಳನ್ನು ಇನ್ನೊಮ್ಮೆ ಎಣಿಸಿದ.

"ಬೇಡ. ಏಳು ಉತ್ತರ ಬರ್ಬೇಕಿತ್ತು, ಆರೇ ಬಂದಿತ್ತು. ಸುಮ್ನಿದ್ದಾರೆ ಅಂದ್ರೆ ಒಪ್ಪಿದ್ದಾರೆ ಅಂದ್ಕೊಂಡೆ. ಮೊದಲ ತಪ್ಪು ನಂದು."

ಹೊರಗೆ ಬಂದ ಕೂಡಲೇ ಅವಳು ಅವನನ್ನು ತಡೆದಳು.

"ನಿಮ್ಮ ಕನಿಕರ ನನಗೆ ಬೇಕಾಗಿಲ್ಲ."

"ಕನಿಕರ ಯಾರು ತೋರಿಸಿದ್ರು? ಡಿಸ್ಕ್ ಭಾಗದ ಆರು ಸಾವಿರ ಸಾಲಲ್ಲಿ ನಾಲ್ಕು ಸಾವಿರ ಕಸ. ಅವರು ಎದುರಿಗಿದ್ದಿದ್ರೂ ಇದನ್ನೇ ಹೇಳ್ತಿದ್ದೆ."

ಕೆನ್ನೆಗೆ ಬಾರಿಸಬೇಕೆನಿಸಿತು. ಎರಡು ವರ್ಷದಲ್ಲಿ ಅವಳಿಗೆ ಏನಾದರೂ ಅನಿಸಿದ್ದೇ ಅಪರೂಪ. ಗಂಡನ ಮಾತು ಬಂದರೆ ಸಾಕು, ಎಲ್ಲರೂ ದನಿ ತಗ್ಗಿಸುತ್ತಿದ್ದರು. ಬದುಕಿರುವವನ ಜೊತೆ ಜಗಳವಾಡುವ ಹಾಗೆ ಅವನ ಮೇಲೆ ಎಗರಿದವನು ಇವನೊಬ್ಬನೇ.

ಮುಂದಿನ ವಾರ, ಅದೇ ಐದು ಭಾಗಗಳನ್ನು ಮತ್ತೆ ಹಾಕುವ ಸೂಚನೆ ಅವಳಿಗೇ ಬಂತು. 'ನೋಡಿದ್ದೇನೆ. ಪಕ್ಕದಲ್ಲೇ ಕೂರುತ್ತೇನೆ' ಎಂದು ಉತ್ತರಿಸಿದಳು. ಅವನ ಕುರ್ಚಿಯಿಂದ ಒಂದು ಮಾರು ದೂರ ಕೂತಳು.

"ಈ ಸಾಲು ಮುಟ್ಬೇಡಿ."

"ಯಾಕೆ? ನೆನಪಿಗಾ?"

"ಅಲ್ಲ. ಚೆನ್ನಾಗಿದೆ. ಓದಿ."

ಅವನು ಎರಡು ಸಲ ಓದಿದ. "ಹೌದು. ಇದೊಂದು ಚೆನ್ನಾಗಿದೆ." ಅದನ್ನು ಹಾಗೆಯೇ ಬಿಟ್ಟ.

ಮಧ್ಯಾಹ್ನ ಒಂದು ಗಂಟೆಗೆ ಬಿಲ್ಡ್ ಎದ್ದು ನಿಂತಿತು. ಅವಳು ಪಟ್ಟಿ ತೆರೆದು ಗಂಡನ ಹೆಸರು ಅಳಿಸಿ ತನ್ನ ಹೆಸರು ಬರೆದಳು. ಅವನು ಕಿಟಕಿಯ ಕಡೆ ನೋಡುತ್ತ ಕೂತಿದ್ದ.

ಆಮೇಲೂ ಜಗಳ ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನಿಂದ ಅವಳೊಬ್ಬಳಿಗೇ ಒಂದು ಮೇಲ್ ಬಂತು.

'ಸೂಚನೆ. ನಾನು ನಿಮ್ಮನ್ನು ಇಷ್ಟಪಡುತ್ತೇನೆ. ಇದರಿಂದ ಒಡೆಯಬಹುದಾದದ್ದು ನಿಮ್ಮ ನೆಮ್ಮದಿ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನಿಮ್ಮ ಉತ್ತರ ಬರುವ ತನಕ ಮುಂದುವರಿಯುವುದಿಲ್ಲ.'

'ಎಷ್ಟು ಸೊಕ್ಕು...' ಅವಳು ಉತ್ತರ ಕೊಡಲಿಲ್ಲ.

ತಿಂಗಳಾಯಿತು. ಅವನು ಎಂದಿನಂತೆ 'ಹನ್ನೆರಡನೇ ಸಾಲಿಗೆ ಅರ್ಥವಿಲ್ಲ' ಎಂದು ಬರೆಯುತ್ತಿದ್ದ. ಆ ವಿಷಯ ಮಾತ್ರ ಒಮ್ಮೆಯೂ ಎತ್ತಲಿಲ್ಲ.

"ಯಾರಮ್ಮಾ ಅವನು, ದಿನಾ ಬಂದು ಬೈತೀಯಲ್ಲ?" ಬಟ್ಟೆ ಮಡಿಸುತ್ತಿದ್ದ ಅತ್ತೆ ಕೇಳಿದರು.

"ಆಫೀಸಲ್ಲೊಬ್ಬ, ಅತ್ತೆ. ಮನುಷ್ಯನೇ ಅಲ್ಲ."

"ಬೈತಾ ಇರು. ಮಗ ಹೋದ ಮೇಲೆ ನೀನು ಕೋಪ ಮಾಡ್ಕೊಂಡಿದ್ದನ್ನ ಈಗಲೇ ನೋಡ್ತಿರೋದು." ಅತ್ತೆ ಮಡಿಸಿದ ಸೀರೆಯನ್ನು ಅವಳ ಕೈಗಿಟ್ಟರು. "ಒಂದು ದಿನ ಕರ್ಕೊಂಡು ಬಾ. ನಾನೂ ಒಂದಿಷ್ಟು ಬೈತೀನಿ."

ಮರುದಿನ ಅವಳು ನಾಲ್ಕು ಮಹಡಿ ಇಳಿದು ಹೋದಳು.

"ನಿಮ್ಮ ಸೂಚನೆ ಓದಿದೆ."

ಅವನ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು. "ಯಾವತ್ತು?"

"ಬಂದ ದಿನಾನೇ. ಸುಮ್ನಿದ್ದಾಳೆ, ಒಪ್ಪಿದ್ದಾಳೆ ಅಂದ್ಕೊಳ್ಳಲಿಲ್ವಾ?"

"ಒಂದ್ಸಲ ಅಂದ್ಕೊಂಡು ಕೆಟ್ಟಿದ್ದೀನಿ."

"ನಾನು ಬೇಗ ಸರಿ ಹೋಗೋಳಲ್ಲ..."

"ಅಲ್ಲೀ ತನಕ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ನಿಯಮ."

ಅವಳು ಪಕ್ಕದ ಕುರ್ಚಿಯನ್ನು ಎಳೆದುಕೊಂಡಳು. ಈ ಸಲ ನಡುವೆ ಜಾಗ ಬಿಡಲಿಲ್ಲ.

"ಭಾನುವಾರ ಹನ್ನೊಂದಕ್ಕೆ ಮನೆಗೆ ಬನ್ನಿ. ಅತ್ತೆಗೆ ನಿಮ್ಮನ್ನ ಬೈಬೇಕಂತೆ. ಮೂರು ಗಂಟೆ ಕೊಡ್ತೀನಿ."

"ಮೂರು ಗಂಟೆ ಸಾಕಾಗಲ್ಲ."

"ಗೊತ್ತು," ಎಂದಳು ಅವಳು.